ಬೀಗರ ಜಡ್ಡು

ಲಕ್ಷ್ಮೇಶ್ವರದ ಪ್ರಭುಲಿಂಗ ಡಾಕ್ಟರ ಕೈಗುಣ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಬಜಾರದ ಹಿಂದಿನ ಓಣಿಯಲ್ಲಿ ಅವರ ದವಾಖಾನೆ. ಒಳಗೆ ಅವರು ಕೂರುವ ಕೋಣೆಗೂ ಹೊರಗೆ ನಾವು ಕೂರುವ ಬೆಂಚುಗಳಿಗೂ ನಡುವೆ ಪ್ಲೈವುಡ್ಡಿನ ಒಂದು ಗೋಡೆ, ಅದೂ ಮೇಲಿನ ತನಕ ಮುಟ್ಟಿಲ್ಲ. ಒಳಗಿನ ಗುಟ್ಟು ಹೊರಗೆ ಬರಲು ಆ ಸಂದಿಯೂ ಬೇಕಿರಲಿಲ್ಲ ಎನ್ನಿ, ಡಾಕ್ಟರ ದನಿಯೇ ಅಂಥದು. ಯಾರ ಹೊಟ್ಟೆಯಲ್ಲಿ ಜಂತು, ಯಾರ ಮಗ ಕದ್ದು ಕುಡಿಯುತ್ತಾನೆ, ಯಾರ ಸೊಸೆ ಯಾತಕ್ಕೆ ಬಂದಿದ್ದಾಳೆ, ಎಲ್ಲವೂ ಬೆಂಚಿನ ಮೇಲಿದ್ದವರಿಗೆ ಪುಕ್ಕಟೆ ಖಬರು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ನಮಗದು ಇಷ್ಟವಿತ್ತು. ನಮ್ಮ ಸರದಿ ಬರುವವರೆಗೂ ಬಹಳ ಇಷ್ಟವಿತ್ತು.

ನಮ್ಮ ಕಡೆ ಒಂದು ರೂಢಿ ಇದೆ. ಸೊಂಟದ ಕೆಳಗಿನ ಜಡ್ಡನ್ನು ಯಾರೂ ತನ್ನದೆಂದು ಹೇಳುವುದಿಲ್ಲ. 'ನಮ್ಮ ನೆಗೆಣ್ಣಿಗೆ ಹಿಂಗಾಗೈತ್ರಿ', 'ನಮ್ಮ ಗೆಳ್ಯಾಗ ಅಲ್ಲಿ ಉರಿ ಐತಂತ್ರಿ' ಎಂದು ಇನ್ನೊಬ್ಬರ ಹೆಗಲಿಗೆ ಹೇರಿ ಕೇಳುತ್ತಾರೆ. ಮರ್ಯಾದೆಯೂ ಉಳಿಯಬೇಕು, ಔಷಧವೂ ಸಿಗಬೇಕು. ಪ್ರಭುಲಿಂಗ ಡಾಕ್ಟರಿಗೆ ಇದನ್ನು ಕಂಡರೆ ಮೈಯೆಲ್ಲಾ ಉರಿ. ಅಂಥವರಿಗೆ ಅವರೊಂದು ಹೆಸರಿಟ್ಟಿದ್ದರು: ವಕೀಲರು. "ಬರ್ರಿ ವಕೀಲ್ರ, ಇವತ್ತ ಯಾರ ಕೇಸು ತಂದೀರಿ?" ಎಂದು ಅವರು ಶುರು ಮಾಡಿದರೆ ಹೊರಗೆ ನಾವು ನಗಲು ತಯಾರಾಗಿ ಕೂರುತ್ತಿದ್ದೆವು.

ಶಿಗ್ಲಿಯ ದ್ಯಾಮಪ್ಪ ಬಂದದ್ದು ಹೆಸರುಕಾಳು ಬಿತ್ತುವ ಹಂಗಾಮಿನಲ್ಲಿ. ಅರವತ್ತರ ಆಸುಪಾಸಿನ ರೈತ. ಹೊಲ ಮನೆ ಚೆನ್ನಾಗಿದೆ, ಮಾತು ಮಾತ್ರ ಕಡಿಮೆ. ಒಳಗೆ ಹೋಗಿ ಕುರ್ಚಿಯ ತುದಿಗೆ ಕೂತು, ದನಿ ತಗ್ಗಿಸಿ ಹೇಳಿದ.

"ನನಗಲ್ರಿ ಸಾಹೇಬ್ರ. ಒಬ್ಬರಿಗೆ ಹೊರಕಡಿಗಿ ಹೋದಾಗ ರಕ್ತ ಬೀಳತೈತಿ. ಏನರ ಗುಳಿಗಿ ಇದ್ರ..."

"ಯಾರಿಗೆ?"

"ನಮ್ಮ ಪೈಕಿ ಒಬ್ಬರಿಗ್ರಿ."

"ಪೈಕಿ ಅಂದ್ರ? ಅವರಿಗೆ ಹೆಸರಿಲ್ಲೇನು?"

ದ್ಯಾಮಪ್ಪ ಗಾಬರಿಯಾದ. ಗಾಬರಿಯಾದವನ ನಾಲಿಗೆಗೆ ಹತ್ತಿರದವರೇ ಸಿಗುತ್ತಾರೆ. "ನಮ್ಮ ಬೀಗರಿಗ್ರಿ," ಎಂದುಬಿಟ್ಟ.

ದ್ಯಾಮಪ್ಪನ ಮಗಳು ಸುಶ್ಮಿತಾಳನ್ನು ಕೊಟ್ಟಿದ್ದು ಅಸುಂಡಿಯ ಅಂದಪ್ಪನ ಮಗನಿಗೆ. ಮದುವೆಗೆ ಡಾಕ್ಟರೂ ಹೋಗಿ ಉಂಡು ಬಂದಿದ್ದರು. ಗದಗಿನಲ್ಲಿ ದಲಾಲಿ ಅಂಗಡಿ ಇಟ್ಟ ಅಂದಪ್ಪನನ್ನು ಈ ಸುತ್ತಿನಲ್ಲಿ ಅರಿಯದವರು ಯಾರು? ಡಾಕ್ಟರ ಕಣ್ಣು ಹೊಳೆದವು.

"ಕೇಳ್ರಪೋ! ಕುಂಡಿ ಅಸುಂಡಿಯೊಳಗ, ಬಾಯಿ ಲಕ್ಷ್ಮೇಶ್ವರದಾಗ! ಇಂಥಾ ವಕೀಲರನ್ನ ನಾ ಕಂಡಿದ್ದಿಲ್ಲ. ದ್ಯಾಮಪ್ಪನವರ, ಅಂದಪ್ಪಗ ಹೇಳ್ರಿ, ಮಗಳನ್ನ ಕೊಟ್ಟೇವಿ, ನಿಮ್ಮ ಮೂಲವ್ಯಾಧಿ ಹೊರಾಕ ನಮ್ಮ ಕೈಲೆ ಆಗೂದಿಲ್ಲ ಅಂತ. ಜಡ್ಡ ಯಾರ್ದೈತಿ ಅವರಽ ಬಂದು ಧೋತರ ಬಿಚ್ಚಲಿ!"

ನಾವು ಬಿದ್ದು ಬಿದ್ದು ನಕ್ಕೆವು. ಚೀಟಿ ಕೂಗುವ ಅಲ್ಲಾಸಾಬನೂ ಬಾಯಿಗೆ ಟಾವೆಲ್ಲು ಅಡ್ಡ ಹಿಡಿದು ನಕ್ಕ. ದ್ಯಾಮಪ್ಪ ತಾನೂ ನಗುತ್ತಲೇ ಹೊರಗೆ ಬಂದ. "ಆತ್ರಿ ಸಾಹೇಬ್ರ, ಅವರನ್ನಽ ಕಳಸ್ತೇನಿ," ಎಂದವನು ಚಪ್ಪಲಿ ಮೆಟ್ಟಿಕೊಂಡು ಹೋದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ನಮ್ಮೆಲ್ಲರಿಗೂ ಗೊತ್ತಿತ್ತು. ಆ ಹೊತ್ತಿನಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಮುಂದೆ ಮಳೆ ಹಿಡಿದ ದಿನಗಳಲ್ಲಿ ಒಂದು ಬೆಳಿಗ್ಗೆ ಪ್ರಭುಲಿಂಗ ಡಾಕ್ಟರು ಪಾಯಖಾನೆಯಲ್ಲಿ ರಕ್ತ ಕಂಡರು. ಖಾರ ತಿಂದಿದ್ದಕ್ಕೆ ಇರಬೇಕು ಎಂದುಕೊಂಡರು. ಮರುದಿನವೂ ಕಂಡಿತು, ಖಾರ ಬಿಟ್ಟ ಮೇಲೂ ಕಂಡಿತು. ತಾವೇ ಒಂದು ಗುಳಿಗೆ ಬರೆದುಕೊಂಡರು, ತಾವೇ ನುಂಗಿದರು. ಹೆಂಡತಿ ಅನುರಾಧಾ, "ಯಾಕ್ರಿ, ಊಟಾನಽ ಮಾಡವಲ್ರಿ," ಎಂದು ಕೇಳಿದರೆ ಹಲ್ಲುನೋವು ಎಂದರು. ಬೇರೆ ಯಾರಾದರೂ ಬಂದು ಈ ವಯಸ್ಸಿನಲ್ಲಿ ಇಂಥ ರಕ್ತ ಎಂದಿದ್ದರೆ ಅವರು ಒಂದು ದಿನವೂ ತಡೆಯದೆ ಮುಂದಕ್ಕೆ ಕಳಿಸುತ್ತಿದ್ದರು. ಅದು ಗೊತ್ತಿದ್ದೂ ಸುಮ್ಮನಿದ್ದರು. ತಾವು ಮಗ್ಗುಲಾಗಿ ಮಲಗಿ, ಮೊಣಕಾಲು ಎದೆಗೆ ತಂದು, ಯಾರದೋ ಮುಂದೆ ಹಿಂಬದಿ ತೋರಿಸುವ ಚಿತ್ರ ಕಣ್ಣ ಮುಂದೆ ಬಂದರೆ ಸಾಕು, ಕಿವಿ ಬಿಸಿಯಾಗುತ್ತಿತ್ತು.

ತೋರಿಸಲಾದರೂ ಎಲ್ಲಿಗೆ ಹೋಗುವುದು? ಶಿರಹಟ್ಟಿಯ ಡಾಕ್ಟರ್ ಅವರ ಕೈಕೆಳಗೇ ಕಲಿತವನು. ಮುಂಡರಗಿ ಹೆಂಡತಿಯ ತವರು, ಅಲ್ಲಿ ಕೆಮ್ಮಿದರೆ ಸಾಕು, ಇಲ್ಲಿ ಮನೆಗೆ ಫೋನ್ ಬರುತ್ತದೆ. ಕೊನೆಗೆ ಗದಗಿಗೆ ಹೋದರು. ಅಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಶಿವರಂಜನಿ ಎಂಬ ಸರ್ಜನ್ ಇದ್ದಳು, ವಯಸ್ಸಿನಲ್ಲಿ ಅವರ ಮಗಳಂತೆ. ತಮ್ಮ ರೋಗಿಗಳನ್ನು ಅವರು ಆಕೆಯ ಬಳಿಗೇ ಕಳಿಸುತ್ತಿದ್ದರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದರು: ನನಗೆ ಹೀಗಾಗಿದೆ, ನೋಡಮ್ಮ. ಅಷ್ಟೇ ಸಾಕಿತ್ತು.

ಆಕೆ ಎದುರಿಗೆ ಕೂತಾಗ ಬಾಯಿಂದ ಬಂದದ್ದು ಬೇರೆ.

"ನಮ್ಮ ಪೇಶಂಟ್ ಒಬ್ಬರು ಅದಾರ. ಐವತ್ತು ದಾಟ್ಯಾವ. ಅವರಿಗೆ ರಕ್ತ ಬೀಳಾಕ ಹತ್ತೈತಿ. ಏನ್ ಮಾಡೂಣು ಅಂತ ಕೇಳಾಕ ಬಂದೆ."

ಹೇಳಿ ಮುಗಿದ ಮೇಲೆ ಅವರಿಗೆ ತಮ್ಮ ದನಿ ಕೇಳಿಸಿತು. ಕುರ್ಚಿಯ ತುದಿಗೆ ಕೂತು, ಮೆಲ್ಲಗೆ, ಬಾಗಿಲ ಕಡೆ ಒಂದು ಕಣ್ಣಿಟ್ಟು ಆಡಿದ ಮಾತು ಅದು. ಲೋಕಕ್ಕೆಲ್ಲಾ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತ್ತು. ಫೋನಿನಲ್ಲಿ ಮುಗಿಯುವ ಮಾತಿಗೆ ಒಬ್ಬ ಡಾಕ್ಟರ್ ಲಕ್ಷ್ಮೇಶ್ವರದಿಂದ ಗದಗಿಗೆ ಬರುತ್ತಾನೆಯೇ? ಆಕೆಗೆ ತಿಳಿದೇಹೋಗಿದೆ, ಈಗ ನಗುತ್ತಾಳೆ ಎಂದು ಅವರು ತಲೆ ಬಗ್ಗಿಸಿ ಕಾದರು.

ಶಿವರಂಜನಿ ನಗಲಿಲ್ಲ. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು.

"ಅವರಿಗೆ ಬಾಳ ಅಂಜಿಕಿ ಆಗಿರಬೇಕಲ್ರಿ ಸರ್."

"ಹೂಂ. ಅಂಜ್ಯಾರ."

"ಮನ್ಯಾಗ ಹೇಳ್ಯಾರೇನು?"

"ಇಲ್ಲ."

"ಅವರ ಪೈಕಿ ಯಾರಿಗರ ಇಂಥಾ ಜಡ್ಡ ಇತ್ತೇನ್ರಿ?"

"ಅವರ ಅಪ್ಪಗ... ನಮ್ಮಪ್ಪಗ ಇತ್ತು. ಅದರಾಗಽ ಹೋದ್ರು."

'ಅವರ ಅಪ್ಪ' 'ನಮ್ಮಪ್ಪ' ಆದದ್ದನ್ನು ಕೇಳಿಸಿಕೊಂಡರೂ ಆಕೆ ತಲೆಯೆತ್ತಲಿಲ್ಲ. "ಸೋಮವಾರ ಬರ್ರಿ ಸರ್. ದುರ್ಬೀನ್ ಹಾಕಿ ಕರುಳಿನ ಒಳಗ ನೋಡೂಣು. ನಾನಽ ನೋಡ್ತೇನಿ," ಎಂದು ಮಾತ್ರ ಹೇಳಿದಳು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮುಚ್ಚಿದ ಬಾಗಿಲನ್ನು ತಡೆದುಕೊಳ್ಳುವುದು ಅವರಿಗೆ ಕಷ್ಟವಾಯಿತು. ಇಷ್ಟು ವರ್ಷದ ತಮ್ಮ ದವಾಖಾನೆಯಲ್ಲಿ ಎದ್ದು ಬಾಗಿಲು ಹಾಕಿದ ನೆನಪು ಒಂದೂ ಬರಲಿಲ್ಲ.

ಸೋಮವಾರದ ಪಾಡು ಬೇರೆ. ಹೊಟ್ಟೆ ತೊಳೆಯುವ ಉಪ್ಪುನೀರನ್ನು ಚೊಂಬುಗಟ್ಟಲೆ ಕುಡಿದು, ಹಿಂದೆ ತೆರೆದ ಹಸಿರು ನಿಲುವಂಗಿಯ ಎರಡು ಅಂಚನ್ನು ಒಂದೇ ಕೈಯಲ್ಲಿ ಹಿಡಿದುಕೊಂಡು ಅವರು ಕಾರಿಡಾರಿನಲ್ಲಿ ನಿಂತಿದ್ದರು. ಆ ಕಡೆಯಿಂದ ಒಬ್ಬ ನರ್ಸ್ ಕೂಗಿದಳು: "ಸರ್, ಹೊಟ್ಟಿ ಪೂರಾ ಖಾಲಿ ಆತೇನ್ರಿ? ನೀರಿನಂಗ ಹೊಂಟೈತೇನು?" ಪಾಪ, ಆಕೆಯದೇನೂ ತಪ್ಪಿಲ್ಲ, ಕೆಲಸದ ಮಾತು. ಬೆಂಚಿನ ಮೇಲೆ ಶಿರಹಟ್ಟಿಯ ಪರಿಚಯದ ವ್ಯಾಪಾರಿಯೊಬ್ಬ ಕೂತಿದ್ದ. ಡಾಕ್ಟರನ್ನು ನೋಡಿದ, ಗುರುತು ಹಿಡಿದ, ಕೂಡಲೇ ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ತಾನು ನೋಡಿಲ್ಲ ಎಂದು ತೋರಿಸಲು ಗೋಡೆಯ ಮೇಲಿನ ಕ್ಯಾಲೆಂಡರನ್ನೇ ಓದುತ್ತಾ ಕೂತ. ಆ ಮರ್ಯಾದಸ್ಥನ ಬೆನ್ನು ಕಂಡು ಪ್ರಭುಲಿಂಗರಿಗೆ ನೆಲ ಬಾಯಿಬಿಟ್ಟರೆ ಒಳಗೆ ಹೋಗಬೇಕು ಅನ್ನಿಸಿತು.

ಕರುಳಿನಲ್ಲಿ ಒಂದು ಸಣ್ಣ ಗಂಟು ಇತ್ತು. ಅದನ್ನು ಅಲ್ಲೇ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಡಾಕ್ಟರು ಉಂಡದ್ದು ಮೈಗೆ ಹತ್ತಲಿಲ್ಲ. ಕೊನೆಗೆ ಶಿವರಂಜನಿ ತಾನೇ ಫೋನ್ ಮಾಡಿದಳು.

"ಏನೂ ಇಲ್ರಿ ಸರ್. ಬಿಟ್ಟಿದ್ರ ಮುಂದ ಕೆಡತಿತ್ತು. ನಿಮ್ಮ ಪೇಶಂಟ್ ಜಲ್ದಿ ಬಂದ್ರು, ಚಲೋ ಆತು."

ಜಲ್ದಿ ಬಂದರು. ಫೋನ್ ಇಟ್ಟ ಮೇಲೆ ಬದುಕಿದೆನಲ್ಲಾ ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದವರಿಗೆ, ಜಲ್ದಿ ಬಂದಿದ್ದ ಇನ್ನೊಬ್ಬ ನೆನಪಾದ. ನಗುತ್ತಾ ಎದ್ದು ಹೋದ ದ್ಯಾಮಪ್ಪ. ಅಂದಪ್ಪನನ್ನು ಕಳಿಸುತ್ತೇನೆ ಎಂದಿದ್ದ, ಅಂದಪ್ಪ ಬಂದಿರಲಿಲ್ಲ. ಬರುವುದಾದರೂ ಹೇಗೆ? ಆ ಜಡ್ಡು ಅಂದಪ್ಪನದಲ್ಲ ಎಂದು ಎಳೆ ಮಗುವಿಗೂ ಹೊಳೆಯುವಂತಿತ್ತು. ಅವರಿಗೂ ಅಂದೇ ಹೊಳೆದಿತ್ತು, ಅದಕ್ಕೇ ಅಷ್ಟು ಮಜಾ ಬಂದಿತ್ತು. ಇದನ್ನು ತಮಗೆ ತಾವೇ ಒಪ್ಪಿಕೊಂಡಾಗ ಅವರಿಗೆ ತಮ್ಮ ಮುಖ ತಮಗೇ ಹೇಸಿಗೆಯಾಯಿತು.

ನಾಗರಪಂಚಮಿ ಆಗಲೇ ಮುಗಿದಿತ್ತು. ಡಾಕ್ಟರು ದವಾಖಾನೆಗೆ ಬೀಗ ಹಾಕಿ ತಾವೇ ಕಾರು ನಡೆಸಿಕೊಂಡು ಶಿಗ್ಲಿಗೆ ಹೋದರು.

ದ್ಯಾಮಪ್ಪ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ. ಕೊರಳಿನ ಎಲುಬುಗಳು ಎದ್ದು ಕಾಣುತ್ತಿದ್ದವು, ಅಂಗಿ ಯಾರದೋ ಎರವಲು ತಂದದ್ದರ ಹಾಗೆ ಜೋಲುತ್ತಿತ್ತು. ಡಾಕ್ಟರನ್ನು ಕಂಡು ಗಡಬಡಿಸಿ ಎದ್ದು, "ಬರ್ರಿ ಸಾಹೇಬ್ರ, ಕುಂಡ್ರಿ," ಎಂದ. ಹೆಂಡತಿ ಸಾವಿತ್ರೆವ್ವ ಚಹ ತಂದಿಟ್ಟಳು. ಇಟ್ಟವಳು ಒಳಗೆ ಹೋಗಲಿಲ್ಲ.

"ಪಂಚಮಿಗೆ ಮಗಳು ಬರಲಿಲ್ರಿ," ಎಂದಳು. "ಉಂಡಿ ಕಟ್ಟಿ ಇಟ್ಟಿದ್ದೆ. ಜೋಕಾಲಿ ಕಟ್ಟಿದ್ವಿ. ಅವರು ಕಳಸಲಿಲ್ಲ."

"ಯಾಕವ್ವಾ?"

"ಯಾಕಂತ ನೀವಽ ಕೇಳ್ತೀರಲ್ರಿ! ನಿಮಗ ನಗಚಾಟಿ, ನಮ್ಮ ಮಗಳಿಗೆ ತವರ ಹೋತು."

ಅಂದು ದವಾಖಾನೆಯಲ್ಲಿ ಹಾರಿದ ಮಾತು ನಮ್ಮಂಥವರ ಬಾಯಲ್ಲೇ ಬಸ್ಸು ಹತ್ತಿ ಗದಗಿಗೆ ಹೋಗಿತ್ತು. ಅಂದಪ್ಪನ ದಲಾಲಿ ಅಂಗಡಿಗೆ ಬಂದವರು, "ಅಂದಪ್ಪನವರ, ಕುಂಡ್ರಾಕ ಮೆತ್ತನ್ನ ಗಾದಿ ಹಾಕ್ಲೇನ್ರಿ?" ಎಂದು ಕೇಳತೊಡಗಿದ್ದರು. ಗಟ್ಟಿಮುಟ್ಟಾಗಿದ್ದ ಮನುಷ್ಯ ಊರ ಬಾಯಿಗೆ ಬಿದ್ದು ಕೆರಳಿದ. ಹೆಣ್ಣು ಕೊಟ್ಟವರು ತನ್ನ ಮಾನ ದವಾಖಾನೆಯಲ್ಲಿ ಕಳೆದರು ಎಂದು ಹಟ ಹಿಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡಾಕ್ಟರು ಆಡಿ ಮರೆತಿದ್ದರು, ಅಷ್ಟೇ.

"ಆಕಿ ಮಾತು ಮನಸಿಗೆ ಹಚ್ಚಿಕೋಬ್ಯಾಡ್ರಿ," ಎಂದ ದ್ಯಾಮಪ್ಪ.

"ದ್ಯಾಮಪ್ಪನವರ, ನಿಮ್ಮನ್ನ ಗದಗಿಗೆ ಕರಕೊಂಡು ಹೋಗಾಕ ಬಂದೇನಿ. ಚಲೋ ಡಾಕ್ಟರ ಅದಾರ. ಬಾಗಲಾ ಹಾಕ್ಕೊಂಡು ನೋಡ್ತಾರ."

"ನನಗೇನಾಗೈತ್ರಿ?"

"ಖರೆ ಹೇಳ್ರಿ. ರಕ್ತ ಇನ್ನೂ ಬೀಳತೈತಿಲ್ಲೋ?"

ದ್ಯಾಮಪ್ಪ ಹೆಂಡತಿಯ ಕಡೆ ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. "ನಾ ಬೀಗರ ಹೆಸರಽ ತಗದಿಲ್ಲ, ಡಾಕ್ಟರಽ ನಗಚಾಟಿಗೆ ಅಂದ್ರು ಅಂತ ಅಸುಂಡಿಗೆ ಹೋಗಿ ಆಣಿ ಮಾಡಿ ಬಂದೇನ್ರಿ. ಅಂದಪ್ಪನವರು ನಂಬಿಲ್ಲ. ಈಗ ನಾನಽ ಅದಽ ಜಡ್ಡಿಗೆ ದವಾಖಾನಿ ಸೇರಿದ್ರ, ನನ್ನ ಹೊಲಸು ಅವರ ಮೈಗೆ ಹಚ್ಚಿದ್ದು ಖರೆ ಆಗತೈತಿ. ನನ್ನ ಮಗಳು ಅಲ್ಲಿ ಬಾಳೇವು ಮಾಡಬೇಕ್ರಿ. ನನ್ನದೇನು, ವಯಸ್ಸಾತು."

ಸಾಯಲು ತಯಾರಾಗಿ ಕೂತ ಮನುಷ್ಯನಿಗೆ ಏನು ಹೇಳುವುದು? ಅದೂ ಆ ಹಗ್ಗ ಹೊಸೆದು ಕೊಟ್ಟವರು ತಾವೇ ಆಗಿರುವಾಗ? ಡಾಕ್ಟರು ಚಹ ಮುಟ್ಟದೆ ಎದ್ದರು.

ಅಸುಂಡಿಯಲ್ಲಿ ಅಂದಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ನಾಲ್ಕು ಜನರ ಜೊತೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಡಾಕ್ಟರನ್ನು ನೋಡಿ ಏಳಲಿಲ್ಲ.

"ಬರ್ರಿ. ಯಾರ ಪರವಾಗಿ ವಕೀಲಕಿ ಮಾಡಾಕ ಬಂದ್ರಿ?"

ಕಟ್ಟೆಯ ಮೇಲಿದ್ದವರು ನಕ್ಕರು. ಡಾಕ್ಟರ ಮಾತು ಊರೂರು ತಿರುಗಿ ಅವರ ಬಳಿಗೇ ಬಂದಿತ್ತು. ಅವರು ಚಪ್ಪಲಿ ಬಿಟ್ಟು ಕಟ್ಟೆಯ ಕೆಳಗೇ ನಿಂತರು.

"ಅಂದಪ್ಪನವರ, ನಿಮ್ಮ ಬೀಗರು ನಿಮ್ಮ ಮಾನ ಕಳದಿಲ್ಲ, ನಾ ಕಳದೇನಿ. ಆ ಜಡ್ಡ..." ಮುಂದಿನದನ್ನು ನೆಲ ನೋಡುತ್ತಾ ಮೆಲ್ಲಗೆ ಹೇಳಿದರು.

"ಜೋರ ಹೇಳ್ರಿ, ಕೇಳವಲ್ತು," ಎಂದ ಒಬ್ಬ.

ಊರು ನಡುಗಿಸುವ ದನಿಯ ಮನುಷ್ಯ ತಲೆಯೆತ್ತಿ ಮತ್ತೊಮ್ಮೆ ಹೇಳಿದರು. "ಆ ಜಡ್ಡ ನಂದು. ರಕ್ತ ಬೀಳತಿತ್ತು. ಗದಗಿನ್ಯಾಗ ದುರ್ಬೀನ್ ಹಾಕಿಸ್ಕೊಂಡು ಬಂದೇನಿ. ಬೇಕಂದ್ರ ಹೋಗಿ ಕೇಳ್ರಿ."

ಈ ಸಲ ನಗು ಬರಲಿಲ್ಲ. ಹೇಳಿದ್ದು ಸುಳ್ಳೂ ಅಲ್ಲ, ಪೂರಾ ಖರೆಯೂ ಅಲ್ಲ. ಅಂದಪ್ಪ ಡಾಕ್ಟರ ಮುಖವನ್ನು ನೋಡುತ್ತಲೇ ಇದ್ದ. ಧಾನ್ಯದ ರಾಶಿಯಲ್ಲಿ ಕೈ ಹಾಕಿ ಒಳಗಿನ ಹಸಿ ಹೇಳುವ ವ್ಯಾಪಾರಿ ಅವನು. ಬಾಯಲ್ಲಿದ್ದ ಎಲೆ ಉಗುಳಿ, ಕೆಳಗಿಳಿದು, ಡಾಕ್ಟರ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ.

"ಇಷ್ಟ ಹೇಳಾಕ ಲಕ್ಷ್ಮೇಶ್ವರದಿಂದ ಯಾರೂ ಬರೂದಿಲ್ರಿ," ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ, "ದ್ಯಾಮಪ್ಪನವರಿಗೆ ಬಾಳ ಐತೇನ್ರಿ?"

ಪ್ರಭುಲಿಂಗ ಡಾಕ್ಟರು ಉತ್ತರ ಕೊಡಲಿಲ್ಲ. ಒಬ್ಬರ ಜಡ್ಡನ್ನು ಇನ್ನೊಬ್ಬರಿಗೆ ಹೇಳದೆ ಅವರು ಬಾಯಿ ಮುಚ್ಚಿಕೊಂಡು ನಿಂತದ್ದು ಬಹುಶಃ ಅದೇ ಮೊದಲು. ಅಂದಪ್ಪ ಮತ್ತೆ ಕೇಳಲಿಲ್ಲ. ಮನೆಯ ಕಡೆ ತಿರುಗಿ, "ಸುಶ್ಮಿತಾ, ಅರಿವಿ ಕಟ್ಟಿಕೋವಾ. ತವರಿಗೆ ಹೋಗಿ ಬರೂವಂತಿ," ಎಂದು ಕೂಗಿದ.

ಮಗಳು ಬಂದು ಕಾಲ ಬಳಿ ಕೂತು ಅತ್ತ ಮೇಲೆ ದ್ಯಾಮಪ್ಪ ಇಲ್ಲ ಎನ್ನಲಾಗಲಿಲ್ಲ. ಮರುದಿನ ಡಾಕ್ಟರು ತಮ್ಮ ಕಾರಿನಲ್ಲೇ ಅವನನ್ನು ಗದಗಿಗೆ ಕರೆದೊಯ್ದರು. ದಾರಿಯಲ್ಲಿ ಇಬ್ಬರೂ ಆಡಿದ್ದು ಬೇರೆಯೇ ಮಾತು. ಎಣ್ಣೆಗೆ ಯಾವ ಗಾಣ ಒಳ್ಳೆಯದು, ಈ ಸಲ ಹೆಸರಿನ ಬೆಳೆ ಹೇಗೆ ಬಂತು, ಇಷ್ಟೇ.

ಶಿವರಂಜನಿ ಬಾಗಿಲು ಹಾಕಿಕೊಂಡು ದ್ಯಾಮಪ್ಪನನ್ನು ನೋಡಿದಳು. ನೋಡಿ ಮುಗಿಸಿ ಕೈ ತೊಳೆಯುವಾಗ ಆಕೆ ಪ್ರಭುಲಿಂಗರ ಕಡೆ ಒಂದು ಸಲ ಕಣ್ಣೆತ್ತಿದಳು. ಬೆರಳಿಗೇ ಸಿಕ್ಕಿದೆ, ಗಡ್ಡೆ ದೊಡ್ಡದಿದೆ ಎಂದು ಆ ನೋಟದಲ್ಲಿ ಅವರಿಗೆ ತಿಳಿಯಿತು. ಆಕೆ ಬಂದು ಕೂತು ಪೆನ್ನು ತೆಗೆದಳು.

"ಕಾಕಾರ, ಇದು ಯಾವಾಗಿಂದ ಐತ್ರಿ? ಖರೆ ಹೇಳ್ರಿ, ಮುಂದ ಏನ್ ಮಾಡಬೇಕು ಅನ್ನೂದು ಅದರ ಮ್ಯಾಲ ಐತಿ."

ದ್ಯಾಮಪ್ಪ ಧೋತರದ ಅಂಚು ಸರಿ ಮಾಡಿಕೊಂಡ. ಪ್ರಭುಲಿಂಗ ಡಾಕ್ಟರ ಕಡೆ ಒಮ್ಮೆ ನೋಡಿದ. ಆಮೇಲೆ ಗಟ್ಟಿಯಾಗಿ, ತಡವರಿಸದೆ ಹೇಳಿದ.

"ಪಂಚಮಿ ಆದ ಮ್ಯಾಲ ಸುರು ಆತ್ರಿ. ಅದಕಿಂತ ಮದ್ಲ ಏನೂ ಇದ್ದಿಲ್ಲ. ಸಾಹೇಬ್ರು ಗೊತ್ತಾದ ಕೂಡಲೇ ಕರಕೊಂಡು ಬಂದ್ರು."

ಪ್ರಭುಲಿಂಗರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು: ಈ ಮನುಷ್ಯ ತಮ್ಮ ಮಾನ ಕಾಯಲು ಕೂತಿದ್ದಾನೆ. ತನ್ನ ಜೀವದ ಲೆಕ್ಕ ಕೇಳುವ ಕಡೆ, ತನ್ನನ್ನು ನಗೆಪಾಟಲು ಮಾಡಿದವರ ಪರವಾಗಿ ಸುಳ್ಳು ಹೇಳುತ್ತಿದ್ದಾನೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರಲು ಮನಸ್ಸೂ ಬಂತು, ಅದನ್ನೂ ಹೇಳಬೇಕು.

"ಅಲ್ಲ," ಎಂದರು. "ಮುಂಗಾರು ಬಿತ್ತಿಗಿ ಹೊತ್ತಿನ್ಯಾಗಽ ನನ್ನ ಕಡೆ ಬಂದಿದ್ರು. ಆಗಽ ರಕ್ತ ಬೀಳತಿತ್ತು."

ಶಿವರಂಜನಿ ಬರೆದುಕೊಂಡಳು. "ಆವಾಗ ಏನ್ ಕೊಟ್ಟಿದ್ರಿ ಸರ್?" ಎಂದು ತಲೆಯೆತ್ತದೆ ಕೇಳಿದಳು. ಆ ಪ್ರಶ್ನೆಯಲ್ಲಿ ಯಾವ ಕೊಂಕೂ ಇರಲಿಲ್ಲ, ಎಲ್ಲರನ್ನೂ ಕೇಳುವ ಪ್ರಶ್ನೆ ಅದು.

"ಏನೂ ಕೊಡಲಿಲ್ಲ. ಮುಟ್ಟಿ ಸೈತ ನೋಡಲಿಲ್ಲ. ಮಂದಿನ್ನ ನಗಿಸಿ ಕಳಿಸಿದೆ."

ಪೆನ್ನು ನಿಂತಿತು. ಮಾತಾಡಿದವನು ದ್ಯಾಮಪ್ಪನೇ. ತಪ್ಪು ಸಿಕ್ಕಿಬಿದ್ದವನ ಹಾಗೆ ನೆಲ ನೋಡುತ್ತಾ ಹೇಳಿದ.

"ಅವರ್ದೇನೂ ತಪ್ಪಿಲ್ರಿ ಡಾಕ್ಟರಬಾಯಾರ. ಬೀಗರ ಜಡ್ಡ ಅಂತ ಸುಳ್ಳು ಹೇಳಿದಾಂವ ನಾನಽ."